ಅಂಡಮಾನಿನಲ್ಲಿ ಗ್ಯಾಸ್ ಸಿಕ್ಕಿದೆ, ಮಂಡ್ಯದಲ್ಲಿ ಡೀಸೆಲ್ ರೇಟು ಇಳಿಯುತ್ತಾ?

ಟಿಲ್ಲರ್ ಮಂಡ್ಯ

ನಿನ್ನೆ ಬೆಳಿಗ್ಗೆ ಟಿಲ್ಲರ್‌ಗೆ ಅಂತ ಕ್ಯಾನಿನಲ್ಲಿ ಡೀಸೆಲ್ ಹಿಡಿಸಿಕೊಂಡು ಬಂಕಿನ ಪಕ್ಕದ ಟೀ ಅಂಗಡಿಗೆ ಹೋದೆ. ಅಲ್ಲಿ ಆಗಲೇ ಶುರುವಾಗಿತ್ತು. ಟ್ರಾಕ್ಟರ್ ಇಟ್ಟುಕೊಂಡು ಕಬ್ಬು ಹೊಡೆಯುವ ನಮ್ಮ ಗೆಳೆಯರೊಬ್ಬರು ಮೊಬೈಲ್ ಎತ್ತಿ ಎಲ್ಲರಿಗೂ ಒಂದು ವಿಡಿಯೊ ತೋರಿಸುತ್ತಿದ್ದರು. ಸಮುದ್ರದ ಮೇಲೆ ಹಡಗು, ಅದರಿಂದ ಚಾಚಿದ ಕೊಳವೆ, ಕೊಳವೆ ತುದಿಯಲ್ಲಿ ಬೆಂಕಿ. "ನೋಡ್ರಪ್ಪ, ಅಂಡಮಾನಿನಲ್ಲಿ ಸಿಕ್ಕೇ ಬಿಡ್ತು. ಇನ್ನು ಎರಡೇ ವರ್ಷ. ಡೀಸೆಲ್ 50 ರೂಪಾಯಿ, ಬರೆದಿಟ್ಕೊಳ್ಳಿ" ಅಂದರು.

ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ. ಮಾತಿಗೆ ಮಾತು ಬೆಳೆದು ಪಂದ್ಯವೇ ಕಟ್ಟಿದ್ದೇವೆ. ಎರಡು ವರ್ಷದಲ್ಲಿ ಡೀಸೆಲ್ 60 ರೂಪಾಯಿಗಿಂತ ಕೆಳಗೆ ಬಂದರೆ ಆವತ್ತು ಅಂಗಡಿಯಲ್ಲಿ ಇರುವವರಿಗೆಲ್ಲ ನಾನು ಮದ್ದೂರು ವಡೆ ಕೊಡಿಸಬೇಕು. ಬರದಿದ್ದರೆ ಅವರು.

ಮನೆಗೆ ಬಂದು ಓದಿದೆ. ಸುದ್ದಿ ಸುಳ್ಳಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಪೆಟ್ರೋಲಿಯಂ ಮಂತ್ರಿ ಹರ್ದೀಪ್ ಸಿಂಗ್ ಪುರಿ ಅವರೇ ಹೇಳಿದ್ದಾರೆ. ಅಂಡಮಾನಿನ ಪೂರ್ವ ತೀರದಿಂದ ಸುಮಾರು 17 ಕಿಲೋಮೀಟರ್ ದೂರದಲ್ಲಿ ಸರ್ಕಾರಿ ಕಂಪನಿ ಆಯಿಲ್ ಇಂಡಿಯಾ ಕೊರೆದ ಶ್ರೀ ವಿಜಯಪುರಂ-2 ಬಾವಿಯಲ್ಲಿ ನೈಸರ್ಗಿಕ ಅನಿಲ ಇದೆ. ಅಲ್ಲಿ ನೀರಿನ ಆಳ 295 ಮೀಟರ್. ಅನಿಲದಲ್ಲಿ ಶೇ 87 ಮೀಥೇನ್. ಅದಕ್ಕೂ ಮುಂಚೆ ಅವರು ಅಂಡಮಾನನ್ನು ಗಯಾನಾ ದೇಶಕ್ಕೆ ಹೋಲಿಸಿ ಮಾತಾಡಿದ್ದರು. ಗಯಾನಾದಲ್ಲಿ 2015ರಲ್ಲಿ ಸಮುದ್ರದ ಕೆಳಗೆ ಎಣ್ಣೆ ಸಿಕ್ಕಿ, 2019ರ ಕೊನೆಗೆ ಹೊರಗೆ ಬರಲು ಶುರುವಾಯಿತು.

ನನಗೆ ಹೊಳೆಯುತ್ತಿರುವುದು ಇಷ್ಟೇ. ನಮ್ಮ ಗದ್ದೆಯಲ್ಲೇ ಭತ್ತ ಬೆಳೆಯುತ್ತೇವೆ. ಅಂಗಡಿಗೆ ಹೋದರೆ ಅಕ್ಕಿ ರೇಟು ನಮಗೂ ಅದೇ, ಬೆಂಗಳೂರಿನವರಿಗೂ ಅದೇ. ಹಾಗಿರುವಾಗ ನಮ್ಮ ಸಮುದ್ರದಲ್ಲಿ ಸಿಕ್ಕಿದ ಎಣ್ಣೆ ಮಾತ್ರ ನಮಗೆ ಯಾಕೆ ಅಗ್ಗಕ್ಕೆ ಸಿಗಬೇಕು? ತಿಳಿದವರು ಹೇಳಿ. ಪಕ್ಷದ ಜಗಳ ಬೇಡ. ವಡೆ ಖರ್ಚಿನ ವಿಷಯ.

ಸುಮ್ನೆ ಓದೋನು

ಗ್ಯಾಸ್ ಸಿಕ್ಕಿದರೆ ಡೀಸೆಲ್ ಹೇಗೆ ಇಳಿಯುತ್ತೆ? ಡೀಸೆಲ್ ಆಗುವುದು ಕಚ್ಚಾ ಎಣ್ಣೆಯಿಂದ. ಮೊದಲು ಅದನ್ನೇ ಕೇಳಬೇಕಿತ್ತು ಅಲ್ವಾ ಅಂಗಡಿಯಲ್ಲಿ.

ಟಿಲ್ಲರ್ ಮಂಡ್ಯ

ಹೌದಲ್ಲ! ಇದು ಆಗ ಹೊಳೆಯಲೇ ಇಲ್ಲ.

ಹಳೇ ರಿಗ್

ಮೈಸೂರಿನಿಂದ ಬರೆಯುತ್ತಿದ್ದೇನೆ. ಕುವೆಂಪುನಗರದಲ್ಲಿ ಮನೆ. 20 ವರ್ಷಕ್ಕೂ ಜಾಸ್ತಿ ಸಮುದ್ರದ ಮೇಲೆ ಕೆಲಸ ಮಾಡಿದವನು, ಹೆಚ್ಚು ಕಾಲ ಮುಂಬೈ ಆಚೆ ಕಡಲಿನ ಎಣ್ಣೆ ಕ್ಷೇತ್ರ ಬಾಂಬೆ ಹೈನಲ್ಲೇ. 14 ದಿನ ರಿಗ್ (ಬಾವಿ ಕೊರೆಯುವ ಅಟ್ಟಣೆ) ಮೇಲೆ, 14 ದಿನ ಮನೆಯಲ್ಲಿ.

"ಸಿಕ್ಕಿದೆ" ಅನ್ನುವ ಮಾತಿಗೆ ಎಷ್ಟು ತೂಕ ಕೊಡಬೇಕು ಅಂತ ಹೇಳುತ್ತೇನೆ. ನನ್ನ ಕೆಲಸ ಏನಿತ್ತು ಅಂದರೆ, ಕೊರೆಯುವಾಗ ಕೆಸರಿನ ಜೊತೆ ಮೇಲೆ ಬರುವ ಕಲ್ಲುಪುಡಿ ನೋಡುವುದು. ಜರಡಿ ಇರುತ್ತೆ, ದೊಡ್ಡದು, ಇಪ್ಪತ್ತನಾಲ್ಕು ಗಂಟೆ ಗಡಗಡ ಅಲ್ಲಾಡುತ್ತಲೇ ಇರುತ್ತೆ. ಅದರ ಮೇಲಿಂದ ಒಂದು ಹಿಡಿ ಪುಡಿ ತೆಗೆದು, ತೊಳೆದು, ತಟ್ಟೆಗೆ ಹಾಕಿ, ಕಪ್ಪು ಡಬ್ಬಿಯಲ್ಲಿ ನೇರಳೆ ದೀಪದ ಕೆಳಗೆ ಇಡಬೇಕು. ಬರೀ ಕಲ್ಲಾದರೆ ಮಂಕಾಗಿ ಕೂತಿರುತ್ತೆ. ಎಣ್ಣೆಯ ಅಂಶ ಇದ್ದರೆ ಅಲ್ಲಲ್ಲಿ ಹಳದಿಯಾಗಿ ಮಿನುಗುತ್ತೆ, ರಾತ್ರಿ ಗದ್ದೆಯಲ್ಲಿ ಮಿಂಚುಹುಳ ಕೂತ ಹಾಗೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಓಡಿ ಹೋಗಿ ಹಿರಿಯರಿಗೆ ಹೇಳಿದೆ. ಅವರು ಟೀ ಕುಡಿಯುತ್ತಾ "ಬರೆದಿಡು, ಇಂಥವು ಬೇಕಾದಷ್ಟು ನೋಡಿದ್ದೀನಿ" ಅಂದರು. ಆ ಬಾವಿಯನ್ನು ಮುಂದಿನ ತಿಂಗಳು ಸಿಮೆಂಟ್ ಹಾಕಿ ಮುಚ್ಚಿದರು.

ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಇದು ಗೊತ್ತಾಗುತ್ತೆ. ಕಲ್ಲುಪುಡಿ ಒದ್ದೆ ಬಂತು ಅಂತ ಪೂಜೆ ಮಾಡಿಸಿ, ಮೋಟರ್ ಇಳಿಸಿದ ಮೇಲೆ ಅರ್ಧ ಇಂಚು ನೀರು ಬಂದರೆ ಹೇಗೆ? ಹಾಗೆ. ಒಂದು ಬಾವಿಯಲ್ಲಿ ಸಿಕ್ಕಿದ ಮೇಲೆ ಸುತ್ತ ಇನ್ನಷ್ಟು ಕೊರೆದು ಎಷ್ಟಿದೆ ಅಂತ ಅಳೆಯಬೇಕು. ಆಮೇಲೆ ತೆಗೆದರೆ ಗಿಟ್ಟುತ್ತಾ ಅಂತ ಲೆಕ್ಕ. ಆಮೇಲೆ ಪ್ಲಾಟ್‌ಫಾರ್ಮ್, ಪೈಪ್. ಆಳ ಸಮುದ್ರದ ರಿಗ್‌ಗೆ ಬಾಡಿಗೆಯೇ ದಿನಕ್ಕೆ ಲಕ್ಷಗಟ್ಟಲೆ ಡಾಲರ್. ಅಂಡಮಾನಿನ ಗ್ಯಾಸ್ ತಂದು ಎಲ್ಲಿಗೆ ಹಾಕುವುದು ಅನ್ನುವುದೇ ದೊಡ್ಡ ಪ್ರಶ್ನೆ, ಅಲ್ಲಿಂದ ಚೆನ್ನೈ ಕಡೆಯ ದಡಕ್ಕೆ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ.

ಎರಡು ವರ್ಷದ ಲೆಕ್ಕ ಎಲ್ಲಿಂದ ಬಂತು ಅಂತ ನನಗೆ ಅಂದಾಜಿದೆ. ಬಾಂಬೆ ಹೈ ಕಥೆ ಅದು. 1974ರಲ್ಲಿ ಸಾಗರ್ ಸಮ್ರಾಟ್ ಅನ್ನುವ ರಿಗ್ ಅಲ್ಲಿ ಎಣ್ಣೆ ಹುಡುಕಿತು, 1976ರಲ್ಲಿ ಎಣ್ಣೆ ಬಂತು. ಆದರೆ ಅಲ್ಲಿ ನೀರಿನ ಆಳ 80 ಮೀಟರ್ ಆಸುಪಾಸು, ಮುಂಬೈನಿಂದ 160 ಕಿಲೋಮೀಟರ್ ಆಸುಪಾಸು ಅಷ್ಟೆ. ಆಂಧ್ರದ ಆಚೆ ಕಡಲಲ್ಲಿ, ಕೃಷ್ಣಾ ಗೋದಾವರಿ ಕಡೆಯ ಡಿ6 ಅನ್ನುವ ಬ್ಲಾಕಿನಲ್ಲಿ 2002ರಲ್ಲಿ ಸಿಕ್ಕಿದ ಗ್ಯಾಸ್ ಬಂದಿದ್ದು 2009ರಲ್ಲಿ. ಏಳು ವರ್ಷ. ನಿಮ್ಮ ವಡೆ ಭದ್ರ ಸ್ವಾಮಿ.

ಬಿಲ್ಲು ನೋಡಿ

ನಾನು ಲೆಕ್ಕ ಬರೆಯುವವನು, ಮಂಡ್ಯದಲ್ಲೇ ಆಫೀಸು. ಒಂದು ಮಾತು ಸೇರಿಸುತ್ತೇನೆ. ಸಿಕ್ಕರೂ, ಬೇಗ ಬಂದರೂ, ರೇಟು ಇಳಿಯುವುದಿಲ್ಲ. ಟಿಲ್ಲರ್ ಅವರ ಅಕ್ಕಿ ಲೆಕ್ಕ ಸರಿ ಇದೆ.

ನಮ್ಮ ದೇಶದ ಬಾವಿಗಳಿಂದ ಬರುವ ಕಚ್ಚಾ ಎಣ್ಣೆಯನ್ನೂ ಮಾರುವುದು ಲೋಕದ ಮಾರುಕಟ್ಟೆ ರೇಟಿಗೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರೇಟು ಏರಿತಲ್ಲ, ಆಗ ಬಾಂಬೆ ಹೈನಲ್ಲಿ ಖರ್ಚೇನೂ ಏರಿರಲಿಲ್ಲ. ಎಣ್ಣೆ ಮಾತ್ರ ಏರಿದ ರೇಟಿಗೆ ಹೋಯಿತು. ಕೇಂದ್ರ ಸರ್ಕಾರ ನೋಡಿತು, 2022ರ ಜುಲೈ 1ರಿಂದ ಅಲ್ಲಿನ ಲಾಭದ ಮೇಲೆ ವಿಶೇಷ ತೆರಿಗೆ ಹಾಕಿತು. ಟನ್ನಿಗೆ 23,250 ರೂಪಾಯಿ. ಆಮೇಲೆ ಏರಿಸಿ ಇಳಿಸಿ, 2024ರ ಡಿಸೆಂಬರ್‌ನಲ್ಲಿ ತೆಗೆದರು. ಇದರಲ್ಲಿ ಮಂಡ್ಯದ ಬಂಕಿಗೆ ಏನಾದರೂ ಬಂತಾ? ಇಲ್ಲ. ಲಾಭ ಕಂಪನಿಗೂ ದಿಲ್ಲಿಗೂ ಹಂಚಿಕೆಯಾಯಿತು, ಅಷ್ಟೆ.

ಇನ್ನು ಬಂಕಿನ ರೇಟಿನಲ್ಲಿ ದೊಡ್ಡ ಪಾಲು ತೆರಿಗೆ. ಕೇಂದ್ರ ಲೀಟರ್‌ಗೆ ಇಷ್ಟು ರೂಪಾಯಿ ಅಂತ ಹಾಕುತ್ತೆ. ರಾಜ್ಯ ಶೇಕಡಾ ಲೆಕ್ಕದಲ್ಲಿ ಹಾಕುತ್ತೆ. ನಮ್ಮ ರಾಜ್ಯ 2024ರ ಜೂನ್‌ನಲ್ಲಿ ಪೆಟ್ರೋಲ್ ತೆರಿಗೆಯನ್ನು ಶೇ 29.84ಕ್ಕೆ, ಡೀಸೆಲ್‌ದು ಶೇ 18.44ಕ್ಕೆ ಏರಿಸಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್‌ದು ಶೇ 21.17 ಆಯಿತು. ಅದೇ ತಿಂಗಳು ಕೇಂದ್ರವೂ ಲೀಟರ್‌ಗೆ 2 ರೂಪಾಯಿ ಅಬಕಾರಿ ಸುಂಕ ಜಾಸ್ತಿ ಮಾಡಿತು. ಕಚ್ಚಾ ಎಣ್ಣೆ ಇಳಿದಿದ್ದರಿಂದ ಬಂಕಿನಲ್ಲಿ ಗೊತ್ತಾಗಲಿಲ್ಲ. ಅಂದರೆ ಇಳಿಯಬೇಕಾಗಿದ್ದು ಇಳಿಯಲಿಲ್ಲ. ಇಬ್ಬರೂ ಬೇರೆ ಬೇರೆ ಪಕ್ಷ ಅಂತ ನೆನಪಿರಲಿ. ಎಣ್ಣೆ ಕಂಡರೆ ಎಲ್ಲರ ಕೈಯೂ ಜಾರುತ್ತೆ.

ಜೈ ಹೋ ಪಾಂಡವಪುರ

[ನಿರ್ವಾಹಕರು ಈ ಸಂದೇಶ ತೆಗೆದಿದ್ದಾರೆ]

ನಿರ್ವಾಹಕ

ಪ್ರಧಾನಿಯನ್ನೂ ಮುಖ್ಯಮಂತ್ರಿಯನ್ನೂ ಒಂದೇ ಸಾಲಿನಲ್ಲಿ ಬೈದಿದ್ದಕ್ಕೆ ನಿಷ್ಪಕ್ಷಪಾತ ಪ್ರಶಸ್ತಿ ಕೊಡಬಹುದು. ಆದರೂ ಆ ಪದಗಳು ಇಲ್ಲಿ ಬೇಡ. ಮುಂದುವರಿಸಿ.

ದೇಶಿ ಎಣ್ಣೆ

ಎಲ್ಲರೂ ಸೇರಿಕೊಂಡು ತಣ್ಣೀರು ಎರಚುತ್ತಿದ್ದೀರಿ. ರೇಟು ಇಳಿಯದಿದ್ದರೆ ಇಳಿಯದಿರಲಿ. ನಾವು ಸುಡುವ ನೂರು ಲೀಟರ್‌ನಲ್ಲಿ 85 ಲೀಟರ್‌ಗಿಂತ ಜಾಸ್ತಿ ಹೊರಗಿನದು. ದುಡ್ಡೆಲ್ಲ ಕೊಲ್ಲಿ ದೇಶಗಳಿಗೆ, ರಷ್ಯಾಕ್ಕೆ ಹೋಗುತ್ತಿದೆ. ನಾಳೆ ಕೊಲ್ಲಿಯ ಎಣ್ಣೆ ಹಡಗುಗಳು ದಾಟುವ ಹಾರ್ಮುಜ್ ಜಲಸಂಧಿ ಮುಚ್ಚಿದರೆ ನಿಮ್ಮ ಟಿಲ್ಲರ್‌ಗೆ ಏನು ಹಾಕುತ್ತೀರಿ? ಆ ಭಯಕ್ಕಾದರೂ ನಮ್ಮದು ಅಂತ ಸ್ವಲ್ಪ ಇರಬೇಕಲ್ವಾ? ಮಂಗಳೂರು, ಪಾದೂರು, ವಿಶಾಖಪಟ್ಟಣದಲ್ಲಿ ಬಂಡೆ ಕೊರೆದು ಎಣ್ಣೆ ತುಂಬಿಸಿಟ್ಟಿದ್ದಾರೆ. ಮೂರೂ ಪೂರ್ತಿ ತುಂಬಿದರೆ 53 ಲಕ್ಷ ಟನ್. ದೇಶಕ್ಕೆ ಎಷ್ಟು ದಿನ ಬರುತ್ತೆ ಗೊತ್ತಾ? ಒಂಬತ್ತೂವರೆ ದಿನ.

ಬಿಲ್ಲು ನೋಡಿ

ಇದು ಒಪ್ಪುವ ಮಾತು. ರೇಟು ಬೇರೆ, ಭದ್ರತೆ ಬೇರೆ, ಡಾಲರ್ ಉಳಿತಾಯ ಬೇರೆ. ಭಾಷಣದಲ್ಲಿ ಮಾತ್ರ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಕುತ್ತಾರೆ. 2015ರಲ್ಲಿ ಪ್ರಧಾನಿಯವರು ಆಮದು ಅವಲಂಬನೆ ಶೇ 77 ಇದೆ, 2022ಕ್ಕೆ ಅದರಲ್ಲಿ ಹತ್ತು ಇಳಿಸೋಣ ಅಂದಿದ್ದರು. ಇಳಿಯಲಿಲ್ಲ, ನೀವೇ ಹೇಳಿದ ಹಾಗೆ 85 ದಾಟಿತು. ಯಾರ ತಪ್ಪು ಅಂತ ಕೇಳುತ್ತಿಲ್ಲ. ಹಳೆಯ ಬಾವಿಗಳು ಬತ್ತುತ್ತಿವೆ, ನಮ್ಮ ಗಾಡಿಗಳು ಜಾಸ್ತಿ ಆಗುತ್ತಿವೆ.

ಹಳೇ ರಿಗ್

ಬತ್ತುವ ಮಾತು ನಿಜ. ಬಾಂಬೆ ಹೈ 1980ರ ದಶಕದಲ್ಲಿ ದಿನಕ್ಕೆ 4 ಲಕ್ಷ ಬ್ಯಾರೆಲ್ ದಾಟಿತ್ತು. ಈಗ ಅದರ ಮೂರನೇ ಒಂದು ಭಾಗದ ಆಸುಪಾಸು. 2025ರಲ್ಲಿ ಅದನ್ನು ಮೇಲೆತ್ತಲು ಅದನ್ನು ನಡೆಸುವ ಸರ್ಕಾರಿ ಕಂಪನಿ ಒಎನ್‌ಜಿಸಿಯವರು ಬ್ರಿಟನ್ನಿನ ಬಿಪಿ ಕಂಪನಿಯನ್ನು ತಾಂತ್ರಿಕ ಸಹಾಯಕ್ಕೆ ಕರೆದರು. ಮುದಿ ಹಸು. ಮೇವು ಜಾಸ್ತಿ ಹಾಕಿದರೆ ಇನ್ನೊಂದೆರಡು ಲೀಟರ್ ಕೊಡಬಹುದು.

ಕಲ್ಲು ಮೇಷ್ಟ್ರು

ನಿವೃತ್ತ ಭೂವಿಜ್ಞಾನ ಮೇಷ್ಟ್ರು ನಾನು. ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು, "ಸಾರ್, ನಮ್ಮ ಮಂಡ್ಯದಲ್ಲಿ ಯಾಕೆ ಪೆಟ್ರೋಲ್ ಸಿಗಲ್ಲ?" ಅಂತ. ನಮ್ಮ ಕಾಲ ಕೆಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಎಣ್ಣೆ ಆಗಬೇಕಾದರೆ ಕಡಲ ಸಣ್ಣ ಜೀವಿಗಳು ಸತ್ತು, ಕೆಸರಲ್ಲಿ ಹೂತು, ಪದರ ಪದರವಾಗಿ ಮುಚ್ಚಿಕೊಂಡು, ಕಾವಿಗೆ ಬೇಯಬೇಕು. ನಮ್ಮ ಬಂಡೆ ಎಷ್ಟೋ ಸಲ ಬೆಂದು, ಹಿಂಡಿ, ಗಟ್ಟಿಯಾದ ಕಲ್ಲು. ಅದರಲ್ಲಿ ಎಣ್ಣೆ ಹುಡುಕುವುದು ಒರಳುಕಲ್ಲಿನಲ್ಲಿ ಹಾಲು ಹುಡುಕಿದ ಹಾಗೆ.

ತಮಾಷೆ ಏನು ಗೊತ್ತಾ? ಎಣ್ಣೆಯವರ ನಕ್ಷೆಯಲ್ಲಿ "ಕಾವೇರಿ ಬೇಸಿನ್" ಅಂತ ಒಂದಿದೆ. ಕೆಆರ್‌ಎಸ್ ಅಲ್ಲ. ತಮಿಳುನಾಡಿನ ಮುಖಜಭೂಮಿ, ಮತ್ತೆ ಅದರಾಚೆಯ ಸಮುದ್ರ. ನಾಗಪಟ್ಟಿಣಂ ಹತ್ತಿರ ನರಿಮಣಂನಲ್ಲಿ ಎಣ್ಣೆ ಇದೆ. ಅಲ್ಲಿನ ರೈತರೂ ಬೇಡ ಅಂತ ಎದ್ದರು. 2017ರಲ್ಲಿ ನೆಡುವಾಸಲ್ ಅನ್ನುವ ಊರಿನವರು ತಿಂಗಳುಗಟ್ಟಲೆ ಕೂತರು. 2020ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಂದು ಡೆಲ್ಟಾವನ್ನು ರಕ್ಷಿತ ಕೃಷಿ ವಲಯ ಮಾಡಿ ಹೊಸ ಎಣ್ಣೆ ಬಾವಿ ನಿಲ್ಲಿಸಿತು. ನೀರಿಗೆ ನಾವೂ ಅವರೂ ಕೋರ್ಟಿನಲ್ಲಿ ಬಡಿದಾಡುತ್ತೇವೆ. ಆದರೆ ಪಾಂಡವಪುರದ ಬೇಬಿಬೆಟ್ಟದಲ್ಲಿ ಬಂಡೆ ಸಿಡಿಸಿದರೆ ಕೆಆರ್‌ಎಸ್‌ಗೆ ಅಪಾಯ ಅಂತ ನಾವು ಕೂಗಿದ್ದಕ್ಕೂ ಅವರು ಕೂಗಿದ್ದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಕಬ್ಬಿನ ಗದ್ದೆ

ಮೇಷ್ಟ್ರೇ, ನಮ್ಮ ಜಿಲ್ಲೆಯ ಮಾರ್ಲಗಲ್ಲದ ಲಿಥಿಯಂ, ಬ್ಯಾಟರಿಗೆ ಬೇಕಾದ ಲೋಹ, ಮರೆತಿರಾ? ಅದೂ ಇಂಧನವೇ ಈಗಿನ ಕಾಲಕ್ಕೆ.

ಕಲ್ಲು ಮೇಷ್ಟ್ರು

ಮರೆತಿಲ್ಲ. ಅದೇ ಒಳ್ಳೆ ಪಾಠ. 2020ರಲ್ಲಿ 14,100 ಟನ್ ಅಂತ ಸುದ್ದಿಯಾಯಿತು. ಶ್ರೀರಂಗಪಟ್ಟಣದ ಕಡೆ ಗದ್ದೆ ರೇಟು ವಿಚಾರಿಸುವವರೂ ಬಂದರು. ಆಮೇಲೆ ಅಣು ಖನಿಜ ನಿರ್ದೇಶನಾಲಯದವರು ಸರಿಯಾಗಿ ಅಳೆದು ಹೇಳಿದ್ದು 1,600 ಟನ್. ಬ್ಯಾಟರಿ ಕಾರ್ಖಾನೆ ಲೆಕ್ಕದಲ್ಲಿ ಅದು ಬಹಳ ಸಣ್ಣದು. ಅಂಡಮಾನಿನ ಸುದ್ದಿ ಓದುವಾಗ ನನಗೆ ಈ ಎರಡು ಅಂಕಿಗಳೇ ಕಣ್ಣ ಮುಂದೆ ಬರುತ್ತವೆ.

ಸರಸ್ವತಿಪುರಂ ಅಜ್ಜಿ

ನನ್ನ ಮಗಳು ಹ್ಯೂಸ್ಟನ್‌ನಲ್ಲಿ ಇದ್ದಾಳೆ, ಎಣ್ಣೆ ಊರು ಅದು. ಎರಡು ಸಲ ಹೋಗಿ ಆರಾರು ತಿಂಗಳು ಇದ್ದು ಬಂದೆ. ಅಲ್ಲೂ ಟಿವಿ ಹಾಕಿದರೆ ಇದೇ ಜಗಳ. 2008ರ ಚುನಾವಣೆಯಲ್ಲಿ "ಡ್ರಿಲ್ ಬೇಬಿ ಡ್ರಿಲ್" ಅಂತ ಘೋಷಣೆ ಹುಟ್ಟಿತಂತೆ, ಇನ್ನೂ ಕೂಗುತ್ತಿದ್ದಾರೆ. ಲೋಕದಲ್ಲೇ ಅತಿ ಜಾಸ್ತಿ ಎಣ್ಣೆ ತೆಗೆಯುವ ದೇಶ ಈಗ ಅಮೆರಿಕ. 2024ರಲ್ಲಿ ದಿನಕ್ಕೆ 1 ಕೋಟಿ 32 ಲಕ್ಷ ಬ್ಯಾರೆಲ್. ಅಷ್ಟೆಲ್ಲ ಮನೆಯಲ್ಲೇ ಇದ್ದರೂ 2022ರ ಜೂನ್‌ನಲ್ಲಿ ಅಲ್ಲಿ ಗ್ಯಾಲನ್‌ಗೆ ಸರಾಸರಿ 5 ಡಾಲರ್ ದಾಟಿತ್ತು. ಮಗಳು ಫೋನಿನಲ್ಲಿ "ಅಮ್ಮ, ಟ್ಯಾಂಕ್ ತುಂಬಿಸಿದರೆ ಅಳು ಬರುತ್ತೆ" ಅಂತಿದ್ದಳು. ಯುದ್ಧ ಎಲ್ಲೋ, ಅಳು ಇವಳಿಗೆ.

ಬೈಡನ್ ಹೋಗುವ ಮುಂಚೆ, 2025ರ ಜನವರಿ 6ರಂದು, 62 ಕೋಟಿ ಎಕರೆಗೂ ಜಾಸ್ತಿ ಕಡಲಿನಲ್ಲಿ ಹೊಸದಾಗಿ ಕೊರೆಯಕೂಡದು ಅಂತ ಆದೇಶ ಮಾಡಿದರು. ಟ್ರಂಪ್ ಬಂದ ದಿನವೇ, ಅದೇ ತಿಂಗಳ 20ಕ್ಕೆ, ರದ್ದು ಮಾಡಿದರು. ಆದರೆ ನನಗೆ ನಗು ಬಂದಿದ್ದು ಫ್ಲೋರಿಡಾ ವಿಷಯಕ್ಕೆ. ಅಲ್ಲಿಯವರು ಟ್ರಂಪ್ ಪಕ್ಷದವರೇ, ಕೊರೆಯಿರಿ ಅಂತ ಚಪ್ಪಾಳೆ ತಟ್ಟುವವರೇ. ನಮ್ಮ ಬೀಚಿನ ಎದುರು ಮಾತ್ರ ಬೇಡ ಅನ್ನುತ್ತಾರೆ! ಪ್ರವಾಸಿಗಳು ಬರಬೇಕಲ್ಲ. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸಿಡಿದು 11 ಜನ ಸತ್ತರು, ಬಾವಿ ಮುಚ್ಚಲು 87 ದಿನ ಬೇಕಾಯಿತು. ಆ ಎಣ್ಣೆ ದಡಕ್ಕೆ ಬಂದಿದ್ದನ್ನು ನೋಡಿದವರು ಅವರು.

ಸುಮ್ನೆ ಓದೋನು

ನಮ್ಮ ಮೈಸೂರಿನ ಪೈಪ್ ಗ್ಯಾಸ್ ಕಥೆಯೂ ಅದೇ ಅಜ್ಜಿ. 2022ರಲ್ಲಿ ಒಂದೇ ಪಕ್ಷದವರು ಒಬ್ಬರು ಪೈಪ್ ಬೇಕು ಅಂತ, ಇನ್ನೊಬ್ಬರು ನಮ್ಮ ರಸ್ತೆ ಅಗೆಯಬೇಡಿ ಅಂತ ಪತ್ರಿಕೆಯಲ್ಲೇ ಕಿತ್ತಾಡಿದರು. ಗ್ಯಾಸ್ ಎಲ್ಲರಿಗೂ ಬೇಕು, ಗುಂಡಿ ಪಕ್ಕದ ಬೀದಿಯಲ್ಲಿರಲಿ.

ಹಳೇ ರಿಗ್

ಸಿಡಿಯುವ ಮಾತು ಬಂತು. ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ.

2005ರ ಜುಲೈ 27. ಹಿಂದಿನ ದಿನವೇ ಮುಂಬೈ ಮಳೆಯಲ್ಲಿ ಮುಳುಗಿತ್ತು, ಒಂದೇ ದಿನ 944 ಮಿಲಿಮೀಟರ್. ನನ್ನ 14 ದಿನದ ರಜೆ, ಮೈಸೂರಿನಲ್ಲಿದ್ದೆ. ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮ್ ಪಕ್ಕದ ಹಡಗೊಂದರಲ್ಲಿ ಅಡುಗೆಯವರೊಬ್ಬರ ಬೆರಳು ಕತ್ತರಿಸಿತ್ತು. ಅವರನ್ನು ಪ್ಲಾಟ್‌ಫಾರ್ಮ್‌ಗೆ ದಾಟಿಸಲು ಹಡಗು ಹತ್ತಿರ ಬಂತು. ಅಲೆಗೆ ಸರಿದು, ಗ್ಯಾಸ್ ಮೇಲೆ ಬರುವ ಕೊಳವೆಗೆ ಬಡಿಯಿತು. ಬೆಂಕಿ. ಎರಡು ಗಂಟೆಯಲ್ಲಿ ಆ ಪ್ಲಾಟ್‌ಫಾರ್ಮ್ ಅನ್ನುವುದೇ ಇರಲಿಲ್ಲ. 22 ಜನ ಹೋದರು. ಬೆರಳಿಗೆ ಬ್ಯಾಂಡೇಜ್ ಹಾಕಿಸಲು ಹೊರಟಿದ್ದು ಅದು.

ಮನೆಯಲ್ಲಿ ಟಿವಿ ಮುಂದೆ ನಿಂತಿದ್ದೆ. ನನ್ನ ಹೆಂಡತಿ ಏನೂ ಮಾತಾಡಲಿಲ್ಲ, ನನ್ನ ಬ್ಯಾಗ್ ತೆಗೆದು ಅಟ್ಟದ ಮೇಲೆ ಇಟ್ಟಳು. ಎಂಟು ದಿನ ಆದ ಮೇಲೆ ನಾನೇ ಇಳಿಸಿಕೊಂಡು ಹೋದೆ. ಮಗಳ ಫೀಸ್ ಕಟ್ಟಬೇಕಿತ್ತು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅದೇ ಕಡೆ ಪಿ-305 ಅನ್ನುವ ಬಾರ್ಜ್, ಕೆಲಸದವರು ಉಳಿದುಕೊಳ್ಳುವ ಚಪ್ಪಟೆ ಹಡಗು, ಮುಳುಗಿತು. 70ಕ್ಕೂ ಜಾಸ್ತಿ ಜನ. ಹೆಚ್ಚಿನವರು ಗುತ್ತಿಗೆಯವರು. ನಾನೂ ಕೊನೆವರೆಗೆ ಗುತ್ತಿಗೆಯವನೇ. ನನ್ನ ಕಂಪನಿ, ಹೆಸರು ಬೇಡ, ಒಂದು ವರ್ಷದ ಓವರ್‌ಟೈಮ್ ಇನ್ನೂ ಕೊಟ್ಟಿಲ್ಲ, ಇನ್ನು ಕೊಡುವುದೂ ಇಲ್ಲ. "ದೇಶಿ ಎಣ್ಣೆ" ಅಂದಾಗ ನನಗೆ ಮೊದಲು ಇವರೇ ನೆನಪಾಗುತ್ತಾರೆ. ಬೇಡ ಅಂತ ಹೇಳುತ್ತಿಲ್ಲ. ಆ ಎಣ್ಣೆಯಿಂದಲೇ ನನ್ನ ಮನೆ ಎದ್ದಿದೆ.

ದೇಶಿ ಎಣ್ಣೆ

ಸಾರ್, ಈ ಹೆಸರಿಟ್ಟುಕೊಂಡು ಇಲ್ಲಿ ಕೂತಿರುವುದಕ್ಕೆ ಸ್ವಲ್ಪ ಸಂಕೋಚವಾಯಿತು.

ಹಳೇ ರಿಗ್

ಅಯ್ಯೋ ಬಿಡಿ. ಹೆಸರು ಚೆನ್ನಾಗಿದೆ. ಕೊಬ್ಬರಿ ಎಣ್ಣೆ ಜಾಹೀರಾತಿನ ಹಾಗಿದೆ.

ಕಬ್ಬಿನ ಗದ್ದೆ

ಸಮುದ್ರ ಯಾಕೆ, ನಮ್ಮ ಕಬ್ಬೇ ಎಣ್ಣೆ ಬಾವಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದೇನೆ. ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುವುದು 2030ಕ್ಕೆ ಅಂದಿದ್ದರು, 2025ಕ್ಕೇ ಮುಟ್ಟಿಸಿದರು. ರೈತ ಅನ್ನದಾತ ಅಲ್ಲ, ಇಂಧನದಾತ ಅಂತ ಭಾಷಣ. ಸರಿ. ನನ್ನ ಮೂರು ಎಕರೆ ಕಬ್ಬಿನ ಲೆಕ್ಕ ಹೇಳುತ್ತೇನೆ. ಒಂದು ಟನ್ ಕಬ್ಬಿನ ಹಾಲನ್ನು ಪೂರ್ತಿ ಎಥನಾಲ್ ಮಾಡಿದರೆ 70 ಲೀಟರ್ ಆಸುಪಾಸು ಬರುತ್ತೆ. ನನಗೆ ಸಿಗುವುದು ಟನ್ ಕಬ್ಬಿನ ರೇಟು. ಎಥನಾಲ್ ರೇಟು ಏರಿದರೂ ಅದು ಕಾರ್ಖಾನೆ ಗೇಟಿನ ಒಳಗೇ ನಿಂತುಕೊಳ್ಳುತ್ತೆ, ಹೊರಗೆ ಬರುವುದಿಲ್ಲ. ಒಂದು ಸಲ ನಮ್ಮ ಕಡೆಯ ಕಾರ್ಖಾನೆಯೊಂದರಿಂದ ಬಿಲ್ ಬರುವಷ್ಟರಲ್ಲಿ ಕೂಳೆ ಕಬ್ಬು ಎದೆಮಟ್ಟಕ್ಕೆ ಬೆಳೆದಿತ್ತು.

2023ರ ಡಿಸೆಂಬರ್‌ನಲ್ಲಿ ಮಳೆ ಕೈಕೊಟ್ಟು ಸಕ್ಕರೆ ಕಡಿಮೆ ಆಗುತ್ತೆ ಅಂತ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕೇಂದ್ರವೇ ತಡೆ ಹಾಕಿತು. ಮುಂದಿನ ವರ್ಷ ತೆಗೆಯಿತು. ಅಂದರೆ ನಮ್ಮ ಬಾವಿಗೆ ಬೀಗ ಇದೆ, ಬೀಗದ ಕೈ ದಿಲ್ಲಿಯಲ್ಲಿದೆ.

ಇನ್ನು ನೀರು. ನೀತಿ ಆಯೋಗದವರ ವರದಿಯಲ್ಲೇ ಇದೆ, ಕಬ್ಬಿನಿಂದ ಒಂದು ಲೀಟರ್ ಎಥನಾಲ್‌ಗೆ 2,860 ಲೀಟರ್ ನೀರು. ಕೆಆರ್‌ಎಸ್ ನೀರಿಗೆ ಹೆದ್ದಾರಿಯಲ್ಲಿ ಮಲಗಿ ಚಳವಳಿ ಮಾಡುವ ನಾವು, ಆ ನೀರನ್ನು ಬೆಂಗಳೂರಿನ ಕಾರುಗಳ ಟ್ಯಾಂಕಿಗೆ ತುಂಬುತ್ತಿದ್ದೇವೆ. ಕಬ್ಬು ಬಿಡುತ್ತೀಯಾ ಅಂತ ಕೇಳಬೇಡಿ. ಬಿಡುವುದಿಲ್ಲ. ಬೇರೆ ಯಾವ ಬೆಳೆಗೆ ಮುಂಚೆಯೇ ರೇಟು ಗೊತ್ತಿರುತ್ತೆ?

ಮೈಸೂರ್ ಇವಿ

ನನ್ನ ಹಳೇ ಬೈಕು ಇ20 ಕುಡಿದ ಮೇಲೆ ಮೈಲೇಜ್ ಇಳಿಯಿತು. ಮಾರಿ ಎಲೆಕ್ಟ್ರಿಕ್ ತಗೊಂಡೆ. ಅಂಡಮಾನ್ ಬೇಡ, ಕಬ್ಬೂ ಬೇಡ. ಎಲ್ಲರೂ ಇವಿ ತಗೊಳ್ಳಿ, ಚರ್ಚೆ ಮುಗಿಯಿತು.

ಟಿಲ್ಲರ್ ಮಂಡ್ಯ

ಇವಿ ಟಿಲ್ಲರ್ ಎಲ್ಲಿ ಸಿಗುತ್ತೆ ಹೇಳಿ, ಕೆಸರು ಗದ್ದೆಯಲ್ಲಿ ಓಡುವಂಥದ್ದು. ಎಥನಾಲ್ ಕೂಡ ಪೆಟ್ರೋಲಿಗೆ ತಾನೇ ಬೆರೆಸುವುದು, ನಮ್ಮ ಡೀಸೆಲ್‌ಗೆ ಅಲ್ಲ. ನಮ್ಮ ಕಬ್ಬು ನಿಮ್ಮ ಬೈಕಿಗೆ ಹೋಯಿತು, ನಮ್ಮ ಟಿಲ್ಲರ್‌ಗೆ ಇನ್ನೂ ಮಂಗಳೂರಿನಿಂದ ಡೀಸೆಲ್ ಬರುತ್ತಿದೆ.

ಬ್ಲಫ್ ಹುಡುಗ

ಮಳವಳ್ಳಿ ಕಡೆಯವನು, ಶಿವನಸಮುದ್ರದ ಪವರ್ ಹೌಸ್ ಪಕ್ಕ ಬೆಳೆದವನು. ಆ ಜಾಗವನ್ನು ನಾವು ಬ್ಲಫ್ ಅಂತಲೇ ಕರೆಯುವುದು. ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು ಹೇಳುತ್ತೇನೆ.

"ನಮ್ಮದೇ ಇಂಧನ" ಅನ್ನುವುದು ಮಂಡ್ಯ ಜಿಲ್ಲೆಗೆ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. 1902ರ ಜೂನ್‌ನಲ್ಲಿ ನಮ್ಮ ಊರಿನ ಜಲಪಾತದಿಂದ ಕರೆಂಟ್ ಹೊರಟಿತು. ಎಲ್ಲಿಗೆ? 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಗಣಿ ಬ್ರಿಟಿಷ್ ಕಂಪನಿಯದು. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಮುಂದೆ ಕೆಆರ್‌ಎಸ್ ಕಟ್ಟಲು ಹೊರಟಾಗಲೂ, ನಮಗೆ ನೀರಾವರಿ ಕೊಡುವುದರ ಜೊತೆಗೆ, ಬೇಸಿಗೆಯಲ್ಲೂ ಈ ಪವರ್ ಹೌಸ್‌ಗೆ ನೀರು ತಪ್ಪದಂತೆ ನೋಡಿಕೊಳ್ಳುವುದು ಒಂದು ಕಾರಣವಾಗಿತ್ತು.

ನಮ್ಮ ಅಜ್ಜಿ ಮದುವೆಯಾಗಿ ಬಂದ ಮನೆ ಪವರ್ ಹೌಸ್‌ನಿಂದ ಐದಾರು ಮೈಲಿ. ತಂತಿ ಅವರ ಹೊಲದ ಮೇಲೆಯೇ ಹಾದುಹೋಗುತ್ತಿತ್ತು. ಮಳೆಗಾಲದ ರಾತ್ರಿ ತಂತಿ ಗುಂಯ್ ಅನ್ನುತ್ತಿತ್ತಂತೆ. ಅದರ ಕೆಳಗೆ ಕೂತು ಅಜ್ಜಿ ಸೀಮೆಎಣ್ಣೆ ಬುಡ್ಡಿ ಹಚ್ಚಿ ರಾಗಿ ಬೀಸುತ್ತಿದ್ದಳು. ಮನೆಗೆ ಬಲ್ಬು ಬಂದಿದ್ದು ನಮ್ಮಪ್ಪ ಹೈಸ್ಕೂಲಿಗೆ ಹೋಗುವಾಗ. ಬುಡ್ಡಿಯ ಸೀಮೆಎಣ್ಣೆ ಎಲ್ಲಿಂದಲೋ ಹಡಗಿನಲ್ಲಿ ಬಂದಿದ್ದು. ತಲೆ ಮೇಲೆ ದೇಶಿ ಕರೆಂಟ್, ಕೆಳಗೆ ವಿದೇಶಿ ಎಣ್ಣೆ.

ಶಿವನಸಮುದ್ರ ಬೇಡವಾಗಿತ್ತು ಅಂತ ಅಲ್ಲ. ಅದಿಲ್ಲದಿದ್ದರೆ ಬೆಂಗಳೂರು ಇಷ್ಟು ಬೇಗ ಬೆಂಗಳೂರು ಆಗುತ್ತಿರಲಿಲ್ಲ. ಆದರೆ ದೇಶಿ ಅಂದ ತಕ್ಷಣ "ನಮಗೆ" ಅಂತ ನಾವೇ ಅಂದುಕೊಳ್ಳುತ್ತೇವೆ. ಯಾರಿಗೆ ಅನ್ನುವುದು ಬೇರೆ ಜಗಳ. ಆ ಜಗಳ ಆಡಲೇಬೇಕು, ಇಲ್ಲದಿದ್ದರೆ ತಂತಿ ಮೇಲೆಯೇ ಹೋಗುತ್ತೆ.

ಬಿಲ್ಲು ನೋಡಿ

ಒಳ್ಳೆ ಕಡೆಗೆ ತಂದಿರಿ. ಸಮುದ್ರದ ಎಣ್ಣೆಯಲ್ಲಿ ಆ ಜಗಳ ಹೇಗಿದೆ ನೋಡಿ. ಸಂವಿಧಾನದ 297ನೇ ವಿಧಿ ಪ್ರಕಾರ ಕಡಲಿನ ಕೆಳಗೆ ಸಿಕ್ಕಿದ್ದೆಲ್ಲ ಕೇಂದ್ರದ್ದು. ನೆಲದ ಮೇಲೆ ಎಣ್ಣೆ ಸಿಕ್ಕರೆ ಅಸ್ಸಾಂ, ಗುಜರಾತ್, ರಾಜಸ್ಥಾನಕ್ಕೆ ರಾಯಧನ ಬರುತ್ತೆ. ಕಡಲಲ್ಲಿ ಸಿಕ್ಕರೆ ರಾಯಧನ ದಿಲ್ಲಿಗೆ. ಎಣ್ಣೆ ಚೆಲ್ಲಿದರೆ ಮಾತ್ರ ಅದು ತೇಲಿ ಬರುವುದು ಪಕ್ಕದ ರಾಜ್ಯದ ಮೀನುಗಾರರ ಬಲೆಗೆ. ಅಮೆರಿಕದಲ್ಲಿ 2006ರ ಕಾನೂನಿನಿಂದ ಟೆಕ್ಸಾಸ್, ಲೂಸಿಯಾನಾ ಸೇರಿ ನಾಲ್ಕು ರಾಜ್ಯಗಳಿಗೆ ಹೊಸ ಕಡಲ ಗುತ್ತಿಗೆಗಳ ಆದಾಯದಲ್ಲಿ ಶೇ 37.5 ಪಾಲು ಕೊಡುತ್ತಾರೆ. ನಾರ್ವೆಯಲ್ಲಿ ಕಂಪನಿಯ ಲಾಭದ ಮೇಲೆ ಶೇ 78 ತೆರಿಗೆ, ಆ ದುಡ್ಡು ಮುಂದಿನ ತಲೆಮಾರಿಗೆ ಅಂತ ನಿಧಿಗೆ. ಅಲ್ಲೂ ಬಂಕಿನಲ್ಲಿ ಪೆಟ್ರೋಲ್ ಅಗ್ಗವಲ್ಲ, ಯೂರೋಪಿನಲ್ಲೇ ದುಬಾರಿ ಸಾಲಿನಲ್ಲಿದೆ. ಅಲ್ಲಿನ ಜನ ಲಾಭವನ್ನು ಬಂಕಿನಲ್ಲಿ ಕೇಳಲಿಲ್ಲ, ನಿಧಿಯಲ್ಲಿ ಕೇಳಿದರು.

ಮೈಸೂರ್ ಇವಿ

ಹಾಗಾದರೆ ಪಾವಗಡ ವಾಸಿ. 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್, ಜಮೀನು ಕೊಂಡುಕೊಳ್ಳಲಿಲ್ಲ, ರೈತರಿಂದ ಬಾಡಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ.

ಕಬ್ಬಿನ ಗದ್ದೆ

ಜಮೀನು ಇದ್ದವರಿಗೆ ಬಾಡಿಗೆ ಬಂತು, ಸರಿ. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ? ಪ್ಯಾನಲ್ ಕಳೆ ಕೀಳಿಸುವುದಿಲ್ಲವಲ್ಲ. ಆದರೂ ಬ್ಲಫ್ ಕಥೆಗಿಂತ ಒಂದು ಹೆಜ್ಜೆ ಮುಂದೆ ಅಂತ ಒಪ್ಪುತ್ತೇನೆ.

ಟಿಲ್ಲರ್ ಮಂಡ್ಯ

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಟೀ ಅಂಗಡಿಯಲ್ಲಿ ಟ್ರಾಕ್ಟರ್ ಗೆಳೆಯರಿಗೆ ಇದನ್ನೆಲ್ಲ ಮೊಬೈಲಿನಲ್ಲೇ ಓದಿ ಹೇಳಿದೆ. ಗ್ಯಾಸ್ ಸಿಕ್ಕಿದರೆ ಡೀಸೆಲ್ ಹೇಗೆ ಇಳಿಯುತ್ತೆ ಅಂತ ಕೇಳಿದಾಗ ಸ್ವಲ್ಪ ಹೊತ್ತು ಲೋಟ ತಿರುಗಿಸಿದರು. 2005ರ ವಿಷಯ ಓದುವಾಗ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ರಿಗ್ ಸಾರ್ ಮಂಡ್ಯ ಕಡೆ ಬಂದರೆ ಟೀ ಕುಡಿದು ಹೋಗಬೇಕಂತೆ, ಅವರೇ ಹೇಳಿದ್ದು.

ಪಂದ್ಯ ಮಾತ್ರ ಬಿಟ್ಟುಕೊಡಲಿಲ್ಲ. "ಇಳಿದೇ ಇಳಿಯುತ್ತೆ" ಅಂದರು. ಅಂಗಡಿಯವರು ಗೋಡೆಯ ಕ್ಯಾಲೆಂಡರ್ ಹಿಂದೆ ತಾರೀಕು ಸಮೇತ ಬರೆದು, ಇಬ್ಬರ ಕೈಲೂ ಸಹಿ ಹಾಕಿಸಿಕೊಂಡಿದ್ದಾರೆ. ಒಂದೇ ಷರತ್ತು: ಯಾರೇ ಗೆಲ್ಲಲಿ, ವಡೆಗೆ ಇವತ್ತಿನ ರೇಟು ನಡೆಯುವುದಿಲ್ಲ, ಆವತ್ತಿನ ಮಾರ್ಕೆಟ್ ರೇಟು.